ಹುಳುಮನೆಯ ಹಿಂದಿನ ಅಲಸಂದೆ ಪಾತಿ

ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಕೋಣೆ ಮನುಷ್ಯರ ಪಾಲಿಗೆ ಬಂದಿರಲಿಲ್ಲ. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆ ಬಿಟ್ಟು ಒಂದು ಮೈಲಿ ಒಳಗಿದ್ದ ಊರು ನಮ್ಮದು. ಮನೆಗೆ ಒಂದು ಪಡಸಾಲೆ, ಒಂದು ಅಡಿಗೆಮನೆ, ರಾಗಿ ಮೂಟೆ ಇಡುವ ಕತ್ತಲೆ ಕೋಣೆ. ಇವೆಲ್ಲದರ ಹಿಂದೆ ದಪ್ಪ ಗೋಡೆಯ, ಎತ್ತರದ ಕಿಟಕಿಯ, ಹೊಂಗೆ ಮರದ ನೆರಳು ಬೀಳುವ ಹುಳುಮನೆ. ಬೇಸಿಗೆಯಲ್ಲಿ ನಾವೆಲ್ಲ ಪಡಸಾಲೆಯಲ್ಲಿ ಬೀಸಣಿಗೆ ಬೀಸಿಕೊಳ್ಳುತ್ತಾ ಹೊರಳಾಡಿದರೆ, ರೇಷ್ಮೆ ಹುಳುಗಳು ಆ ತಂಪಿನಲ್ಲಿ ಬಿದಿರಿನ ತಟ್ಟೆಗಳ ಮೇಲೆ ಹಾಯಾಗಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿದ್ದವು. ಬಾಗಿಲಿಗೆ ಕಿವಿಗೊಟ್ಟರೆ ಸಣ್ಣ ಮಳೆ ಬಿದ್ದಂತೆ ಸದ್ದು ಕೇಳುತ್ತಿತ್ತು. ಮನೆಯ ಕಟ್ಟಳೆಗಳೆಲ್ಲ ಹುಳುಗಳ ಅನುಕೂಲಕ್ಕೆ ತಕ್ಕಂತೆ ಇದ್ದವು. ಅಡಿಗೆಮನೆಯಲ್ಲಿ ಒಗ್ಗರಣೆ ಹಾಕುವಾಗ ಹಿಂದಿನ ಬಾಗಿಲು ಮುಚ್ಚಬೇಕು. ತಲೆಗೆ ಗಂಧದೆಣ್ಣೆ ಹಚ್ಚಿಕೊಂಡವರು ಒಳಗೆ ಹೋಗಬಾರದು. ಅಜ್ಜಿ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದಳು. ಹೊಗೆಸೊಪ್ಪು ಹುಳುವಿಗೆ ವಿಷ. ಹಾಗಾಗಿ ಅವಳು ಬೂದಿಯಿಂದ ಕೈ ತಿಕ್ಕಿ, ಬಾಯಿ ಮುಕ್ಕಳಿಸಿ, ಆಮೇಲೆಯೇ ಆ ಹೊಸ್ತಿಲು ದಾಟುತ್ತಿದ್ದಳು. ಹೆಂಗಸರು ತಿಂಗಳ ಮೂರು ದಿನ ಅತ್ತ ತಲೆ ಹಾಕುವಂತಿರಲಿಲ್ಲ. ಹುಳು ಸಾಯುತ್ತವೆ ಎಂದು ನಂಬಿಕೆ. ನಾನು ಈ ಎಲ್ಲ ಕಟ್ಟಳೆಗಳನ್ನೂ ಪಾಲಿಸುತ್ತಿದ್ದೆ, ಆದರೆ ಒಂದೊಂದಕ್ಕೂ "ಯಾಕೆ" ಎಂದು ಕೇಳದೆ ಬಿಡುತ್ತಿರಲಿಲ್ಲ. ಒಂಬತ್ತು ವರ್ಷದವಳು ದಿನಕ್ಕೆ ಎಷ್ಟು ಸಲ "ಯಾಕೆ" ಎನ್ನಬಹುದೋ ಅದಕ್ಕಿಂತ ಹೆಚ್ಚೇ ಅನ್ನುತ್ತಿದ್ದೆ. ಅಮ್ಮ ತಲೆ ಚಚ್ಚಿಕೊಳ್ಳುತ್ತಿದ್ದಳು. ಅಪ್ಪ ತೊಂಡೇಬಾವಿ ಕಡೆಯ ಒಂದು ಶಾಲೆಯಲ್ಲಿ ಮೇಷ್ಟ್ರಾಗಿದ್ದು ಶನಿವಾರಕ್ಕೊಮ್ಮೆ ಬರುತ್ತಿದ್ದರಿಂದ ನನ್ನ ಪ್ರಶ್ನೆಗಳಿಂದ ವಾರದ ಐದು ದಿನ ತಪ್ಪಿಸಿಕೊಂಡಿದ್ದರು.

ಹುಳುಮನೆಯ ಹಿಂದಿನ ಹಿತ್ತಲು ಮಾತ್ರ ಅಜ್ಜಿಯದು. ಬೇಸಿಗೆ ಮುಗಿಯುತ್ತಾ ಬಂದು, ಮಧ್ಯಾಹ್ನ ಮೂಡಣದಲ್ಲಿ ಮೋಡ ಕಟ್ಟಿ ಕರಗಿ ಆಟವಾಡಿಸುವ ದಿನಗಳಲ್ಲಿ ಅವಳ ಮೈಯಲ್ಲಿ ಹೊಸ ಚುರುಕು ಬರುತ್ತಿತ್ತು. ಎಂಟು ದಿನ ಮೊದಲೇ ಗುಣಿ ತೋಡಿಸಿ ಬಿಸಿಲಿಗೆ ಬಿಡುವಳು. ಆಮೇಲೆ ಹುಳುವಿನ ಹಿಕ್ಕೆ, ಹುಳು ತಿಂದುಳಿದ ಸೊಪ್ಪಿನ ಕಡ್ಡಿ, ಒಲೆಯ ಬೂದಿ ಎಲ್ಲವನ್ನೂ ಅದಕ್ಕೆ ತುಂಬಿಸುವಳು. ಬೀಜಗಳು ಮನೆಯ ತುಂಬ ಎಲ್ಲೆಲ್ಲೋ ಅಡಗಿರುತ್ತಿದ್ದವು. ಹೀರೆಯ ಬೀಜ ಅಟ್ಟದ ತೊಲೆಗೆ ನೇತುಹಾಕಿದ ಒಣ ಕಾಯಿಯ ಹೊಟ್ಟೆಯಲ್ಲಿ, ಬದನೆಯ ಬೀಜ ಬೂದಿ ತುಂಬಿದ ಕುಡಿಕೆಯಲ್ಲಿ, ಕುಂಬಳದ ಬೀಜ ಹಿಂದಿನ ಗೋಡೆಗೆ ಸಗಣಿ ತಟ್ಟಿ ಒತ್ತಿದ ಬಿಲ್ಲೆಗಳಲ್ಲಿ. ಮೊದಲ ಮಳೆ ಬಿದ್ದ ಮರುದಿನ ಅಜ್ಜಿ ಹಿತ್ತಲಿಗೆ ಹೋಗಿ ಒಂದು ಹಿಡಿ ಮಣ್ಣು ತೆಗೆದುಕೊಂಡು ಉಂಡೆ ಮಾಡಿ ಸೊಂಟದೆತ್ತರದಿಂದ ಬಿಡುವಳು. ಉಂಡೆ ಹಾಗೇ ಕೂತರೆ ಇನ್ನೂ ತೇವ ಹೆಚ್ಚು. ಪುಡಿಯಾದರೆ ಸಾಲದು. ಮೂರು ನಾಲ್ಕು ಚೂರಾಗಿ ಒಡೆದರೆ ಹದ ಬಂದಿದೆ ಎಂದರ್ಥ. ಈಗ ಚಿಕ್ಕಬಳ್ಳಾಪುರದ ನನ್ನ ಮನೆಯ ತಾರಸಿಯಲ್ಲಿ ಬ್ಯಾಗುಗಳಿಗೆ ಮಣ್ಣು ತುಂಬುವಾಗಲೂ ನಾನು ಉಂಡೆ ಕಟ್ಟಿ ಕೆಳಗೆ ಬಿಟ್ಟು ನೋಡುತ್ತೇನೆ. ಪಕ್ಕದ ತಾರಸಿಯಲ್ಲಿ ಬಟ್ಟೆ ಒಣಹಾಕುವ ಹೆಂಗಸು ನನ್ನನ್ನು ವಿಚಿತ್ರವಾಗಿ ನೋಡುತ್ತಾಳೆ. ನೋಡಲಿ.

ಆ ವರ್ಷ ಹಿತ್ತಲಿಗೆ ಹೊಸಬಳೊಬ್ಬಳು ಬಂದಿದ್ದಳು. ನನ್ನ ಚಿಕ್ಕಪ್ಪನಿಗೆ ಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಚಿಕ್ಕಮ್ಮ ರವಣಮ್ಮ ಕೈವಾರದ ಕಡೆಯವಳು. ತವರಿನಲ್ಲಿ ತೆಲುಗು ಮಾತು. ನಮ್ಮನೆಯಲ್ಲಿ ಕನ್ನಡ ಆಡುವಾಗಲೂ ಮಾತಿನ ಕೊನೆಯನ್ನು ಒಂದಿಷ್ಟು ಎಳೆದು ಬಿಡುತ್ತಿದ್ದಳು, ಅದು ನನಗೆ ಬಹಳ ಇಷ್ಟ. ತವರಿನಿಂದ ಬರುವಾಗ ಸೀರೆಯ ಸೆರಗಿನಲ್ಲಿ ಗಂಟು ಕಟ್ಟಿಕೊಂಡು ಅಲಸಂದೆ ಬೀಜ ತಂದಿದ್ದಳು. ಹುಳುಮನೆಯ ಗೋಡೆಗೆ ಹತ್ತಿಕೊಂಡ ಒಂದು ಪಾತಿಯನ್ನು ಅಜ್ಜಿ ಅವಳಿಗೆ ಬಿಟ್ಟುಕೊಟ್ಟಳು. ಮೊದಲ ಮಳೆಯಾದ ಮೇಲೆ ನಾವಿಬ್ಬರೂ ಕುಕ್ಕುರುಗಾಲಲ್ಲಿ ಕೂತು ಬೀಜ ಹಾಕಿದೆವು. ಹೀರೆ ಬೀಜ ಹಾಕುವಾಗ ಚೂಪು ಮೂತಿ ಕೆಳಗೆ ಇರಬೇಕೆಂದು ಅಜ್ಜಿ ಹೇಳಿದ್ದಳು. ನಾನು ನಾಲ್ಕನ್ನು ಹಾಗೆ ಹಾಕಿ, ನಾಲ್ಕನ್ನು ತಲೆಕೆಳಗು ಮಾಡಿ ಹಾಕಿ, ಗುರುತಿಗೆ ಕಡ್ಡಿ ನೆಟ್ಟೆ. ಅಜ್ಜಿಯ ಕಣ್ಣಿಗೆ ಬಿತ್ತು.

"ಯಾಕೆ ಹಂಗೆ ಹಾಕ್ದೆ?"

"ಏನಾಗುತ್ತೆ ನೋಡಣ ಅಂತ."

"ನೋಡಕ್ಕೇನೈತೆ ಅದ್ರಲ್ಲಿ? ನಮ್ಮಮ್ಮನೂ ಹಂಗೇ ಹಾಕ್ತಿದ್ಲು, ನಾನೂ ಹಂಗೇ ಹಾಕ್ತೀನಿ."

"ಒಂದ್ಸಲನಾದ್ರೂ ತಿರುಗಿಸಿ ಹಾಕಿದ್ದೀಯಾ ಅಜ್ಜಿ?"

ಅಜ್ಜಿ ನನ್ನ ಬೆನ್ನಿಗೊಂದು ಗುದ್ದಿದಳು. ಎಂಟೂ ಮೊಳೆತವು. ತಲೆಕೆಳಗಾದವು ಎರಡು ದಿನ ತಡವಾಗಿ ಬಂದವು, ಅಷ್ಟೆ. ಗೆದ್ದವರು ಯಾರೆಂದು ನನಗೂ ಅಜ್ಜಿಗೂ ಬಹಳ ದಿನ ಜಗಳವಿತ್ತು.

ಚಿಕ್ಕಮ್ಮ ಮಾತ್ರ ನನ್ನ ಪ್ರಶ್ನೆಗಳಿಗೆ ಬೇಸರಪಡುತ್ತಿರಲಿಲ್ಲ. ಗೊತ್ತಿದ್ದರೆ ಹೇಳುವಳು, ಗೊತ್ತಿಲ್ಲದಿದ್ದರೆ "ತೆಲಿಯದು ಪಾಪಾ" ಎಂದು ನಕ್ಕುಬಿಡುವಳು. ದೊಡ್ಡವರೊಬ್ಬರು ತಮಗೆ ಗೊತ್ತಿಲ್ಲ ಎಂದು ಒಪ್ಪಿಕೊಂಡದ್ದನ್ನು ನಾನು ಕೇಳಿದ್ದು ಅದೇ ಮೊದಲು. ಅವಳು ತಿಂಗಳಿಗೊಮ್ಮೆ "ಹೊರಗೆ" ಆದಾಗ ಹಿತ್ತಲ ಜಗಲಿಯ ಮೇಲೆ ಮೂರು ದಿನ ಚಾಪೆ ಹಾಸಿಕೊಂಡು ಕೂರಬೇಕಿತ್ತು. ತಟ್ಟೆ, ಲೋಟ ಬೇರೆ. ಹುಳುಮನೆಗಂತೂ ಇಲ್ಲವೇ ಇಲ್ಲ, ತರಕಾರಿ ಗಿಡಗಳನ್ನೂ ಮುಟ್ಟುವಂತಿಲ್ಲ. ಮೇ ತಿಂಗಳಲ್ಲಿ ಹಾಗೆ ಕೂತಿದ್ದಾಗ ಗಾಳಿಗೆ ಹೀರೆಯ ಒಂದು ಕುಡಿ ಚಪ್ಪರದಿಂದ ಜಾರಿ ಅವಳ ಕಾಲ ಬಳಿಯೇ ಬಿದ್ದಿತ್ತು.

"ಅದನ್ನೆತ್ತಿ ಕಟ್ಟು ಪಾಪಾ," ಎಂದಳು.

"ನಿನ್ನ ಪಕ್ಕದಲ್ಲೇ ಇದೆಯಲ್ಲ ಚಿಕ್ಕಮ್ಮ. ನೀನೇ ಎತ್ತು."

"ನಾನು ಮುಟ್ಟಿದ್ರೆ ಬಾಡೋಗುತ್ತಂತೆ."

"ಮುಟ್ಟಿ ನೋಡಿದ್ದೀಯಾ?"

ಚಿಕ್ಕಮ್ಮ ನನ್ನನ್ನು ನೋಡಿದಳು, ಬಾಗಿಲ ಕಡೆ ನೋಡಿದಳು. ಒಳಗಿನಿಂದ ಅಜ್ಜಿ ಕುಟ್ಟಾಣಿಯಲ್ಲಿ ಅಡಿಕೆ ಕುಟ್ಟುವ ಸದ್ದು ಬರುತ್ತಿತ್ತು. ಚಿಕ್ಕಮ್ಮ ಕೈ ಚಾಚಿ ಆ ಕುಡಿಯನ್ನೆತ್ತಿ ಚಪ್ಪರದ ಕಡ್ಡಿಗೆ ಸುತ್ತಿಸಿದಳು. ನಾವಿಬ್ಬರೂ ಮೂರು ದಿನ ಅದನ್ನು ಕಾದೆವು. ಕುಡಿ ಬಾಡಲಿಲ್ಲ. ನಾಲ್ಕನೆಯ ದಿನ ಮೊಳದುದ್ದ ಮೇಲೆ ಹತ್ತಿ ಹೂವಿನ ಮೊಗ್ಗು ಬಿಟ್ಟಿತು. ಯಾರಿಗೂ ಹೇಳಬಾರದೆಂದು ಚಿಕ್ಕಮ್ಮ ನನ್ನ ಕೈಯಿಂದ ಆಣೆ ಹಾಕಿಸಿಕೊಂಡಳು. ನಾನು ಹೇಳಲಿಲ್ಲ. ಇಷ್ಟು ವರ್ಷಗಳ ಮೇಲೆ ಬರೆಯುತ್ತಿದ್ದೇನೆ, ಅವಳು ಬೈಯಲಾರಳು.

ಶಾಲೆ ಮತ್ತೆ ಶುರುವಾಗುವ ಹೊತ್ತಿಗೆ ಅಲಸಂದೆ ಮೊಣಕಾಲೆತ್ತರ ಬಂದು ಹೂವಿಗೆ ನಿಂತಿತ್ತು. ಆಗ ಹೇನು ಹತ್ತಿತು. ಎಳೆಯ ತುದಿಗಳೆಲ್ಲ ಕರಿ ಎಳ್ಳು ಅಂಟಿಸಿದಂತೆ ಕಪ್ಪಾದವು, ಇರುವೆಗಳು ಸಾಲುಗಟ್ಟಿ ಓಡಾಡಿದವು. ಚಿಕ್ಕಮ್ಮ ದಿನಾ ಬೆಳಿಗ್ಗೆ ಬೂದಿ ಎರಚಿದಳು. ಹೇನು ಜಗ್ಗಲಿಲ್ಲ. ಆ ಶುಕ್ರವಾರ ಬೆಳಿಗ್ಗೆ ಅವಳು ಹೊರಗಾದಳು. ಇನ್ನು ಮೂರು ದಿನ ಜಗಲಿಯ ಮೇಲಿಂದ ತನ್ನ ಗಿಡಗಳು ಮುದುಡುವುದನ್ನು ನೋಡುತ್ತಾ ಕೂರಬೇಕು. ಹೀರೆಯ ಕುಡಿಯಂತೆ ಒಂದಲ್ಲ ಇದು, ಇಡೀ ಪಾತಿ. ಅವಳು ಮುಟ್ಟುವುದನ್ನು ಯಾರಾದರೂ ಕಂಡರೆ ಮುಗಿಯಿತು. ನನಗೆ ತಡೆಯಲಾಗಲಿಲ್ಲ. ಪಕ್ಕದ ತೋಟದಲ್ಲಿ ಟೊಮೇಟೊ ಬೆಳೆಯುತ್ತಿದ್ದ ಮುನಿಶಾಮಣ್ಣನನ್ನು ಹೋಗಿ ಕೇಳಿದೆ.

"ಹೊಗೆಸೊಪ್ಪು ನೆನೆಸಿದ ನೀರು ಚಿಮುಕಿಸಿದ್ರೆ ಹೇನು ಉದುರೋಗುತ್ತೆ," ಎಂದ ಅವನು. ತಕ್ಷಣ ನಾಲಿಗೆ ಕಚ್ಚಿಕೊಂಡ. "ಆದ್ರೆ ನಿಮ್ಮನೇಲಿ ಬೇಡ ಕಣಮ್ಮ. ಹುಳ ಐತೆ."

ಹುಳ ಇದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿದ್ದೇ ಎಲ್ಲ ಎಚ್ಚರವನ್ನೂ ಮಾಡಿಕೊಂಡೆ. ಅಜ್ಜಿ ಮಧ್ಯಾಹ್ನ ಮಲಗಿದಾಗ ಅವಳ ಸಂಚಿಯಿಂದ ಹೊಗೆಸೊಪ್ಪಿನ ಒಂದು ತುಂಡು ಮುರಿದುಕೊಂಡೆ. ಅಡಿಗೆಮನೆಯ ಪಾತ್ರೆ ಮುಟ್ಟಲಿಲ್ಲ, ಬಾವಿಯ ಬಕೀಟು ಮುಟ್ಟಲಿಲ್ಲ. ಬಚ್ಚಲ ಹಿಂದೆ ಹಿಡಿ ಮುರಿದ ತಗಡಿನ ಬಕೀಟೊಂದು ಬೋರಲು ಬಿದ್ದಿತ್ತು. ಯಾರಿಗೂ ಬೇಡವಾದದ್ದು ಎಂದುಕೊಂಡು ಅದರಲ್ಲಿ ನೆನೆಹಾಕಿ ಒಣ ಜೋಳದ ಸೊಪ್ಪೆಯಿಂದ ಮುಚ್ಚಿಟ್ಟೆ. ಶನಿವಾರ ಮಧ್ಯಾಹ್ನ, ಗಾಳಿ ಹುಳುಮನೆಯ ಕಡೆ ಬೀಸುತ್ತಿಲ್ಲವೆಂದು ಚಿಟಿಕೆ ಮಣ್ಣು ತೂರಿ ನೋಡಿ, ಹಳೆಯ ಪೊರಕೆ ಅದ್ದಿ ಅಲಸಂದೆಯ ತುದಿ ತುದಿಗೆ ಚಿಮುಕಿಸಿದೆ. ಚಿಕ್ಕಮ್ಮ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು. ಬಕೀಟನ್ನು ಎರಡು ಸಲ ಗಲಬರಿಸಿ ಇದ್ದಲ್ಲೇ ಬೋರಲು ಹಾಕಿದೆ, ಅಜ್ಜಿಯಂತೆಯೇ ಬೂದಿಯಲ್ಲಿ ಕೈ ತಿಕ್ಕಿದೆ. ಸಂಜೆ ಅಪ್ಪ ಬಂದರು, ಭಾನುವಾರ ಮಧ್ಯಾಹ್ನ ಹೊರಟುಹೋದರು. ಅಷ್ಟು ಹೊತ್ತಿಗೆ ಹೇನು ಉದುರಿ ಗಿಡದ ಬುಡದಲ್ಲಿ ಕಪ್ಪಗೆ ಬಿದ್ದಿದ್ದವು. ನನಗೆ ನಾನೇ ಶಭಾಷ್ ಹೇಳಿಕೊಂಡು ಮೂರು ದೋಸೆ ಹೆಚ್ಚಿಗೆ ತಿಂದೆ.

ಸೋಮವಾರ ಬೆಳಿಗ್ಗೆ ಚಿಕ್ಕಪ್ಪ ಹುಳುಮನೆಯಿಂದ "ಅಮ್ಮಾ" ಎಂದು ಕೂಗಿದ ಕೂಗಿಗೆ ನಾವೆಲ್ಲ ಓಡಿದೆವು. ಹುಳುಗಳು ನಾಲ್ಕನೆಯ ಜ್ವರ ಮುಗಿಸಿದ್ದವು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಕಳೆದರೆ ಒಂದು ವಾರ ಗಬಗಬ ತಿಂದು, ಮೈ ಹಳದಿಗೆ ತಿರುಗಿ ಹಣ್ಣಾಗಿ, ಗೂಡು ಕಟ್ಟುತ್ತವೆ. ಮನೆಯವರೆಲ್ಲ ನಿದ್ದೆಗೆಟ್ಟು ದುಡಿದದ್ದು ಕೈಗೆ ಬರುವ ವಾರ ಅದು. ಎಡಗಡೆಯ ಅಂತಸ್ತಿನ ಏಳು ತಟ್ಟೆಗಳಲ್ಲಿ ಹುಳುಗಳು ತಲೆಯೆತ್ತಿ ಅತ್ತಿತ್ತ ಆಡಿಸುತ್ತಾ ಕಂದು ನೀರು ಕಾರುತ್ತಿದ್ದವು. ಕೆಲವು ಮುದುಡಿ ಬೆರಳಿನ ಗೆಣ್ಣಿನಷ್ಟಾಗಿದ್ದವು. ಬಲಗಡೆಯ ತಟ್ಟೆಗಳಿಗೆ ಏನೂ ಆಗಿರಲಿಲ್ಲ. ಅಜ್ಜಿ ರಾಶಿ ಹಾಕಿದ್ದ ಸೊಪ್ಪನ್ನೂ ಅದರ ಮೇಲೆ ಹೊದಿಸಿದ್ದ ಗೋಣಿಯನ್ನೂ ಹೊರಗೆಸೆಯಲು ಹೇಳಿದಳು. ಆಮೇಲೆ ಹಿತ್ತಲ ಜಗಲಿಗೆ ಹೋಗಿ, ಅಂದಷ್ಟೇ ತಲೆಗೆ ನೀರು ಹಾಕಿಕೊಂಡು ಕೂದಲು ಒಣಗಿಸುತ್ತಿದ್ದ ಚಿಕ್ಕಮ್ಮನ ಎದುರು ನಿಂತಳು.

"ಗುರುವಾರ ಸಾಯಂಕಾಲ ಸೊಪ್ಪು ಹಾಕಿದ್ಯಾರು?"

"ನಾನೇ ಅತ್ತೆ."

"ಅವತ್ತೇ ಆಗಿತ್ತು ನಿಂಗೆ. ಮುಚ್ಚಿಟ್ಟೆ."

"ಇಲ್ಲ ಅತ್ತೆ. ಶುಕ್ರವಾರ ಬೆಳಿಗ್ಗೆ. ಎದ್ದ ತಕ್ಷಣ ಅಕ್ಕನಿಗೆ ಹೇಳ್ದೆ."

"ಹಂಗಾದ್ರೆ ಹುಳ ಸುಮ್ಸುಮ್ನೆ ಸಾಯ್ತಾವಾ?"

ಚಿಕ್ಕಮ್ಮ ಅಕ್ಕ ಎನ್ನುತ್ತಿದ್ದ ನನ್ನ ಅಮ್ಮ ಹಿತ್ತಲ ಬಾಗಿಲ ಹಿಂದೆ ನಿಂತು ಸೆರಗಿನ ತುದಿ ಕಚ್ಚಿಕೊಂಡಳು. ಚಿಕ್ಕಪ್ಪ ನೆಲ ನೋಡಿದ. ಈ ಹುಳು ಗೂಡಾಗುವವರೆಗೂ ಅವಳು ಮನೆಯಲ್ಲಿರುವುದು ಬೇಡ, ಬುಧವಾರದ ಬಸ್ಸಿಗೆ ತವರಿಗೆ ಬಿಟ್ಟು ಬಾ ಎಂದು ಅಜ್ಜಿ ಅವನಿಗೆ ಹೇಳಿದಳು. ಹಾಗೆ ಹೋಗುವುದೆಂದರೇನು ಎಂದು ನನಗೆ ಆಗಲೇ ಗೊತ್ತಿತ್ತು. ಯಾಕೆ ಕಳಿಸಿದರೆಂದು ಕೈವಾರದ ಕಡೆಯ ಊರಿಗೂ ನಮ್ಮೂರಿಗೂ ಒಂದೇ ದಿನದಲ್ಲಿ ತಿಳಿಯುತ್ತದೆ. ಮನೆಯ ಹುಳು ಕೊಂದವಳು ಎಂಬ ಹೆಸರು ಅವಳು ಬದುಕಿರುವವರೆಗೂ ಬಿಡುವುದಿಲ್ಲ. ಹೀರೆಯ ಕುಡಿಯ ಕಥೆ ನನ್ನ ಬಾಯಿಯ ತುದಿಗೆ ಬಂತು. ಮುಟ್ಟಿದರೆ ಏನೂ ಆಗುವುದಿಲ್ಲ ಅಜ್ಜಿ, ನಾನು ನೋಡಿದ್ದೇನೆ ಎನ್ನಬೇಕೆಂದು ಬಾಯಿ ತೆರೆದೆ. ಚಿಕ್ಕಮ್ಮ ನನ್ನನ್ನೇ ನೋಡುತ್ತಾ ಬೇಡವೆಂದು ತಲೆಯಾಡಿಸಿದಳು. ಅವಳು ಕದ್ದು ಮುಟ್ಟಿದ್ದಳು ಎಂದು ಗೊತ್ತಾದರೆ, ಗುರುವಾರವೂ ಕದ್ದಳು ಎಂದೇ ಎಲ್ಲರೂ ನಂಬುತ್ತಿದ್ದರು.

ಅವತ್ತು ಶಾಲೆಗೆ ಹೋಗಲಿಲ್ಲ, ಹೊಟ್ಟೆನೋವೆಂದು ಸುಳ್ಳು ಹೇಳಿದೆ. ಒಂದು ವಿಷಯ ತಲೆ ಕೊರೆಯುತ್ತಿತ್ತು. ಎಡಗಡೆಯವೇ ಏಕೆ ಸತ್ತವು? ಚಿಕ್ಕಮ್ಮ ಗುರುವಾರ ಎಲ್ಲ ತಟ್ಟೆಗಳಿಗೂ ಸೊಪ್ಪು ಹಾಕಿದ್ದಳು. ಚಿಕ್ಕಪ್ಪನ ಬಳಿ ಹೋಗಿ ಭಾನುವಾರ ಯಾವ ಸೊಪ್ಪು ಯಾವ ತಟ್ಟೆಗೆ ಹಾಕಿದೆ ಎಂದು ಕೇಳಿದೆ. ಅವನು ಮೊದಲು ರೇಗಿದ, ಆಮೇಲೆ ಹೇಳಿದ. ಕೊಯ್ದ ಸೊಪ್ಪು ಬಾಡದಿರಲೆಂದು ರಾಶಿಯ ಮೇಲೆ ಒದ್ದೆ ಗೋಣಿ ಹೊದಿಸುತ್ತಾರೆ. ಭಾನುವಾರ ಸಂಜೆ ರಾಶಿಯ ಮೇಲಿನ ಸೊಪ್ಪು, ಅಂದರೆ ಗೋಣಿಗೆ ಅಂಟಿಕೊಂಡಿದ್ದದ್ದು, ಎಡಗಡೆಯ ತಟ್ಟೆಗಳಿಗೆ ಹೋಯಿತು. ಅಡಿಯ ಸೊಪ್ಪು ಬಲಗಡೆಗೆ.

"ಗೋಣಿ ಎಲ್ಲಿ ಅದ್ದಿದೆ ಚಿಕ್ಕಪ್ಪ?"

"ಆ ಮುರುಕು ಬಕೀಟಲ್ಲಿ. ಗೋಣಿ ನೆನೆಸೋ ಮಡಕೆ ಶನಿವಾರ ರಾತ್ರಿ ಒಡೆದೋಯ್ತಲ್ಲ."

ಮಡಕೆ ಒಡೆದದ್ದು ನನಗೆ ಗೊತ್ತಿರಲಿಲ್ಲ. ಹಿಂದೆ ಯಾವ ಪ್ರಶ್ನೆಗೂ ಇಷ್ಟು ಸರಿಯಾದ ಉತ್ತರ ಸಿಕ್ಕಿರಲಿಲ್ಲ, ಇದೊಂದು ಸಿಗದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಆ ದಿನವೆಲ್ಲ ಹೆದರಿಕೊಂಡು ಮೂಲೆಯಲ್ಲಿ ಕೂತಿದ್ದೆ. ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ ಎಂಬ ಯೋಚನೆಯೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಮಂಗಳವಾರ ಬೆಳಿಗ್ಗೆ ಚಿಕ್ಕಮ್ಮ ತನ್ನ ತಗಡಿನ ಪೆಟ್ಟಿಗೆಗೆ ಸೀರೆಗಳನ್ನು ಮಡಿಸಿಡುತ್ತಿದ್ದಳು. ನನ್ನನ್ನು ಹತ್ತಿರ ಕರೆದು, ಅಲಸಂದೆ ಬಲಿತ ಮೇಲೆ ನಾಲ್ಕು ಕಾಯಿ ಬೀಜಕ್ಕೆ ಬಿಡು ಪಾಪಾ, ಮರೀಬೇಡ ಎಂದಳು. ಆಮೇಲೆ ಸುಮ್ಮನಿರಲು ನನ್ನಿಂದ ಆಗಲಿಲ್ಲ. ನೇರ ಅಜ್ಜಿಯ ಬಳಿ ಹೋದೆ. ಅವಳು ಪಡಸಾಲೆಯಲ್ಲಿ ಕಾಲು ಚಾಚಿ ಕುಟ್ಟಾಣಿ ಹಿಡಿದಿದ್ದಳು. ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದೆ. ಸಂಚಿ, ಹೊಗೆಸೊಪ್ಪು, ಬಕೀಟು, ಗೋಣಿ.

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ ನನ್ನ ತಲೆ ಸವರಿದಳು.

"ಚಿಕ್ಕಮ್ಮನ ಮೇಲೆ ಅಷ್ಟೊಂದು ಪ್ರೀತಿನಾ ನಿಂಗೆ? ಅವಳನ್ನ ಉಳಿಸ್ಕೊಳ್ಳಕ್ಕೆ ಸುಳ್ಳು ಹೇಳ್ಬಾರ್ದು ಕಣಮ್ಮ."

ಬೈಗುಳಕ್ಕೆ, ಏಟಿಗೆ ನಾನು ಸಿದ್ಧಳಾಗಿದ್ದೆ. ನಂಬದಿರುವುದಕ್ಕೆ ಸಿದ್ಧಳಾಗಿರಲಿಲ್ಲ. ನಿನ್ನೆ ಹೊಟ್ಟೆನೋವೆಂದು ಹೇಳಿದ ಸುಳ್ಳನ್ನು ಮನೆಯವರೆಲ್ಲ ತಟಕ್ಕನೆ ನಂಬಿದ್ದರು, ಇವತ್ತಿನ ನಿಜಕ್ಕೆ ಗಿರಾಕಿಯೇ ಇಲ್ಲ. ಸಂಚಿ ತೆಗೆದು ತೋರಿಸಿದೆ. ತಾನೇ ಮುರಿದುಕೊಂಡ ತುಂಡೆಷ್ಟೆಂದು ಅಜ್ಜಿಗೆ ಲೆಕ್ಕವಿರಲಿಲ್ಲ. ಹೊರಗೆ ಬೇಲಿಯ ಮೇಲೆ ಎಸೆದಿದ್ದ ಗೋಣಿಯನ್ನು ಮೂಸಿ ನೋಡಿದೆ, ಒಣಗಿ ಗೋಣಿಯ ವಾಸನೆಯೇ ಹೊಡೆಯುತ್ತಿತ್ತು. ಹೊಗೆಸೊಪ್ಪು ಹುಳುವನ್ನು ಕೊಲ್ಲುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದು ಈ ಗೋಣಿಯಲ್ಲಿ ಇದೆ ಎಂದು ಗೊತ್ತಾಗುವುದು ಹೇಗೆ? ನನಗೆ ಗೊತ್ತಿದ್ದ ದಾರಿ ಒಂದೇ. ಚಿಕ್ಕಪ್ಪನ ಬಳಿಗೆ ಓಡಿ, ಬಲಗಡೆಯ ತಟ್ಟೆಯಿಂದ ಹತ್ತು ಹುಳು ಕೊಡು ಎಂದೆ.

"ಸತ್ತಿರೋದು ಸಾಲ್ದಾ ನಿಂಗೆ?" ಎಂದು ಅಜ್ಜಿ ಹಿಂದಿನಿಂದ ಗದರಿದಳು.

ಚಿಕ್ಕಪ್ಪ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದ. ಎರಡು ದಿನದಿಂದ ತಾಯಿಯ ಎದುರು ಒಂದು ಮಾತೂ ಆಡಿರಲಿಲ್ಲ ಅವನು.

"ಹತ್ತು ಹುಳ ತಾನೇ ಅಮ್ಮ. ನೋಡಣ," ಎಂದ.

ಅಲಸಂದೆ ಪಾತಿಯ ಪಕ್ಕದಲ್ಲಿ ಎರಡು ಮೊರ ಇಟ್ಟೆವು. ಗೋಣಿಯ ಒಂದು ಮೂಲೆ ಕತ್ತರಿಸಿ ಬಾವಿ ನೀರಲ್ಲಿ ಅದ್ದಿ, ಅದರಲ್ಲಿ ಹೊಸ ಸೊಪ್ಪು ಸುತ್ತಿಟ್ಟು, ಒಂದು ಹೊತ್ತು ಬಿಟ್ಟು ಬಿಚ್ಚಿದೆವು. ಒಂದು ಮೊರದಲ್ಲಿ ಐದು ಹುಳುವಿಗೆ ಆ ಸೊಪ್ಪು. ಇನ್ನೊಂದು ಮೊರದಲ್ಲಿ ಐದಕ್ಕೆ ತೋಟದಿಂದ ಆಗ ತಾನೇ ಕಿತ್ತು ಬರೇ ಬಾವಿ ನೀರು ಚಿಮುಕಿಸಿದ ಸೊಪ್ಪು. ಅಜ್ಜಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಳು. ಅಮ್ಮ, ಚಿಕ್ಕಪ್ಪ ನಿಂತಿದ್ದರು. ಚಿಕ್ಕಮ್ಮ ಜಗಲಿಯಿಂದ ಇಳಿಯಲಿಲ್ಲ. ಮೊದಲು ಎರಡೂ ಕಡೆ ಹುಳುಗಳು ಚರಚರ ತಿಂದವು. ಎಲ್ಲ ತಿನ್ನುತ್ತಲೇ ಇರಲಿ, ನಾನು ಸುಳ್ಳುಗಾರ್ತಿಯೇ ಆಗಲಿ ಎಂದು ಮನಸ್ಸಿನ ಅರ್ಧ ಬೇಡುತ್ತಿತ್ತು. ಇನ್ನರ್ಧ ಕುತ್ತಿಗೆ ಚಾಚಿ ನೋಡುತ್ತಿತ್ತು. ನೆರಳು ಗೋಡೆಯಿಂದ ಪಾತಿಯ ಅಂಚಿಗೆ ಬರುವಷ್ಟರಲ್ಲಿ ಗೋಣಿಯ ಸೊಪ್ಪು ತಿಂದ ಒಂದು ಹುಳು ತಲೆಯೆತ್ತಿತು. ಅತ್ತಿತ್ತ ಆಡಿಸಿತು. ಬಾಯಿಂದ ಕಂದು ಹನಿ ಇಳಿಯಿತು. ಆಮೇಲೆ ಎರಡನೆಯದು, ಮೂರನೆಯದು. ಪಕ್ಕದ ಮೊರದಲ್ಲಿ ಐದೂ ತಿನ್ನುತ್ತಲೇ ಇದ್ದವು. ನಾನು ಹೇಳಿದ್ದು ನಿಜವಾಯಿತು. ಆ ಕ್ಷಣವೇ ಜೋರಾಗಿ ಅಳತೊಡಗಿದೆ.

ಅಮ್ಮ ಕಪಾಳಕ್ಕೆ ಎರಡು ಕೊಟ್ಟಳು, ಅವು ನನಗೆ ಸಲ್ಲಬೇಕಾದವೇ. ಅಜ್ಜಿ ಕಲ್ಲಿನಿಂದ ಏಳುತ್ತಾ ಚಿಕ್ಕಪ್ಪನಿಗೆ ಪೆಟ್ಟಿಗೆ ಒಳಗಿಡು ಎಂದಳು, ಅಷ್ಟೇ. ಚಿಕ್ಕಪ್ಪ ಎಲ್ಲ ಸಿಟ್ಟನ್ನೂ ತರಕಾರಿಯ ಮೇಲೆ ತೀರಿಸಿಕೊಳ್ಳಲು ಹೊರಟು, ಹುಳುಮನೆ ಪಕ್ಕ ಇವು ಇರೋದೇ ಬೇಡ ಎಂದು ಅಲಸಂದೆಯ ಒಂದು ಗಿಡವನ್ನು ಬುಡಸಮೇತ ಕಿತ್ತ. ಅಜ್ಜಿ ಅವನ ಕೈ ಹಿಡಿದಳು.

"ಬಿಡಪ್ಪ. ಗಿಡ ಏನ್ ಮಾಡ್ತು?"

ಜಗಲಿಯ ಮೇಲಿದ್ದ ಚಿಕ್ಕಮ್ಮ ಆಗ ಬಾಯಿ ಬಿಟ್ಟಳು.

"ನಾನೇನ್ ಮಾಡಿದ್ದೆ ಅತ್ತೆ? ಶುಕ್ರವಾರ ಅಂದೆ. ಈ ಮಗು ಹುಳ ಸಾಯಿಸಿ ತೋರಿಸಿದ್ಮೇಲೆ ನಂಬ್ತೀರ. ನನ್ನ ಮೈ ವಿಷಯ ನಾನು ಹೇಳಿದ್ರೆ ನಂಬಲ್ವಾ?"

ಅಜ್ಜಿ ಒಳಗೆ ಹೋದಳು. ಗಿಡಕ್ಕೆ ತಟ್ಟನೆ ಸಿಕ್ಕ ನ್ಯಾಯ ಸೊಸೆಗೆ ಸಿಗಲಿಲ್ಲವಲ್ಲ ಎಂದು ಈಗಲೂ ನನಗೆ ಅಜ್ಜಿಯ ಮೇಲೆ ಸಿಟ್ಟಿದೆ. ಅವಳು ನನ್ನನ್ನು ಎತ್ತಿ ಆಡಿಸಿದವಳು, ಮಣ್ಣಿನ ಹದ ಕಲಿಸಿದವಳು. ಆದರೂ ಇದೆ.

ಆ ಮೇಲಿನ ಒಂದು ತಿಂಗಳು ಮನೆ ಬಿಗುವಾಗಿತ್ತು. ಉಳಿದ ಹುಳು ಗೂಡು ಕಟ್ಟಿದವು. ಹುಳುಮನೆಯನ್ನು ತೊಳೆದು ಸುಣ್ಣ ಬಳಿದರು. ಮಳೆ ನಿಂತು ನಿಂತು ಬಂತು. ಅಲಸಂದೆ ಜಡಿ ಮಳೆಗೆ ಮೈ ತೊಳೆದುಕೊಂಡು ಕಾಯಿ ಬಿಟ್ಟಿತು. ಬಲಿತ ಮೇಲೆ ಚಿಕ್ಕಮ್ಮ ಬಿಡಿಸಿ, ಮೂರು ನೀರಲ್ಲಿ ತೊಳೆದು, ಹಸಿ ಕಾಳಿನ ಸಾರು ಮಾಡಿದಳು. ರಾಗಿ ಮುದ್ದೆಯ ಜೊತೆ ಅಂಥ ಸಾರನ್ನು ನಾನು ಮತ್ತೆ ಉಂಡಿಲ್ಲ. ಅಜ್ಜಿ ಎರಡು ಸಲ ಹಾಕಿಸಿಕೊಂಡಳು. "ಚೆನ್ನಾಗೈತೆ" ಎಂದು ತಟ್ಟೆಗೆ ಹೇಳಿದಳು, ಬಡಿಸುತ್ತಿದ್ದವಳ ಮುಖ ನೋಡಲಿಲ್ಲ. ಚಿಕ್ಕಮ್ಮ ಬೇಕಾ, ಸಾಕಾ ಎಂಬೆರಡು ಮಾತು ಬಿಟ್ಟು ಅವಳೊಂದಿಗೆ ಏನೂ ಆಡುತ್ತಿರಲಿಲ್ಲ. ನಾನು ಇಬ್ಬರ ನಡುವೆ ಕೂತು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಆ ದಿನಗಳಲ್ಲಿ ನನಗೆ ಯಾವ ಪ್ರಶ್ನೆಯೂ ಹೊಳೆಯಲಿಲ್ಲ. ಅಮ್ಮನಿಗೆ ಅದೇ ಗಾಬರಿಯಾಗಿ ದೃಷ್ಟಿ ತೆಗೆದಳು.

ಹೊಸ ಹುಳು ಬಂದು ಮೂರನೆಯ ಜ್ವರ ಕಳೆದಿತ್ತು. ಒಂದು ಬೆಳಿಗ್ಗೆ ಅಜ್ಜಿ ಕೈ ಬಾಯಿ ತೊಳೆದು ಹುಳುಮನೆಯ ಹೊಸ್ತಿಲ ಬಳಿ ಸೊಪ್ಪು ಹೆಚ್ಚುತ್ತಾ ಕೂತಿದ್ದಳು, ನಾನು ಬುಟ್ಟಿ ಹಿಡಿದಿದ್ದೆ. ಚಿಕ್ಕಮ್ಮ ಬಂದು ಎರಡು ಮಾರು ದೂರದಲ್ಲಿ ನಿಂತಳು.

"ಅತ್ತೆ, ಇವತ್ತು ನಾನು ಹೊರಗೆ."

"ಸರಿ, ಜಗಲಿಗೆ ಹೋಗು."

"ಹೋಗ್ತೀನಿ. ನಂಗೊಂದು ತಟ್ಟೆ ಕೊಡಿ."

"ಯಾವ ತಟ್ಟೆ?"

"ಹುಳದ್ದು. ಮೂರು ದಿನ ನಾನೇ ಸೊಪ್ಪು ಹಾಕ್ತೀನಿ, ನಾನೇ ಕಸ ತೆಗೀತೀನಿ. ಸತ್ರೆ ಬುಧವಾರದ ಬಸ್ಸಿಗೆ ನಾನೇ ಹೋಗ್ತೀನಿ, ಯಾರೂ ಕಳಿಸೋದು ಬೇಡ."

ಅಜ್ಜಿಯ ಮಚ್ಚು ಸೊಪ್ಪಿನ ಮೇಲೆಯೇ ನಿಂತಿತು. ಬೈಯುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಹೆದರಿಕೆಯಿತ್ತು. ನಾನು ಅದನ್ನು ಮೊದಲ ಸಲ ನೋಡಿದೆ. ತನ್ನ ಅಮ್ಮ, ಅಮ್ಮನ ಅಮ್ಮ ಎಲ್ಲರೂ ಮೂರು ಮೂರು ದಿನ ಚಾಪೆಯ ಮೇಲೆ ಕೂತು ಕಳೆದದ್ದು ಸುಮ್ಮನೆಯೇ ಎಂದು ಒಂದು ತಟ್ಟೆ ಹುಳು ತೋರಿಸಿಬಿಟ್ಟರೆ? ಬೇಡ ಎಂದುಬಿಟ್ಟಿದ್ದರೆ ಯಾರೂ ಅವಳನ್ನು ಕೇಳುವಂತಿರಲಿಲ್ಲ. ಅವಳು ನನ್ನ ಕಡೆ ತಿರುಗಿದಳು.

"ಮೂಲೇಲಿರೋದು ಎತ್ಕೊಡು. ಒಂದೇ."

ಅಂತಸ್ತಿನ ಕೊನೆಯ ತಟ್ಟೆಯನ್ನು ಜಗಲಿಗೆ ಹೊತ್ತು ತಂದೆ. ಚಿಕ್ಕಮ್ಮ ಮೂರು ದಿನವೂ ಅದರ ಪಕ್ಕದಲ್ಲೇ ಕೂತಳು. ಅಜ್ಜಿ ಏನಾದರೊಂದು ನೆಪ ಮಾಡಿಕೊಂಡು ದಿನಕ್ಕೆ ಹತ್ತು ಸಲ ಹಿತ್ತಲಿಗೆ ಬಂದಳು, ಹೀರೇಕಾಯಿ ಕೊಯ್ಯಲು, ಇರದ ಕಳೆ ಕೀಳಲು. ನಾಲ್ಕನೆಯ ದಿನ ತಟ್ಟೆ ಒಳಗೆ ಹೋಯಿತು. ಹುಳುಗಳು ಉಳಿದವುಗಳ ಜೊತೆಯೇ ಜ್ವರಕ್ಕೆ ಕೂತವು, ಜೊತೆಯೇ ಎದ್ದವು, ಜೊತೆಯೇ ಹಣ್ಣಾದವು. ಅವನ್ನು ಬೇರೆ ಚಂದ್ರಿಕೆಗೆ ಬಿಟ್ಟೆವು. ಚಂದ್ರಿಕೆ ಎಂದರೆ ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಸುರುಳಿ. ಗೂಡು ಬಿಡಿಸುವ ದಿನ ಅಜ್ಜಿ ಅದರಿಂದ ಒಂದು ಗೂಡನ್ನೂ ಪಕ್ಕದ ಚಂದ್ರಿಕೆಯಿಂದ ಒಂದನ್ನೂ ಕಿತ್ತು, ಒಂದೊಂದು ಕೈಯಲ್ಲಿ ಹಿಡಿದು ಬೆಳಕಿಗೆ ಬಂದಳು. ಬೆರಳಲ್ಲಿ ಒತ್ತಿದಳು. ಕಿವಿಯ ಹತ್ತಿರ ಅಲುಗಾಡಿಸಿದಳು. ಕೈ ಬದಲಾಯಿಸಿದಳು, ಮತ್ತೆ ಬದಲಾಯಿಸಿದಳು. ಚಿಕ್ಕಮ್ಮ ನೆಲದ ಮೇಲೆ ಕೂತು ಗೂಡು ಬಿಡಿಸುತ್ತಲೇ ಇದ್ದಳು, ತಲೆಯೆತ್ತಲಿಲ್ಲ.

"ಇದ್ರಲ್ಲಿ ರವಣಮ್ಮಂದು ಯಾವ್ದು?" ಎಂದು ಅಜ್ಜಿ ನನ್ನನ್ನು ಕೇಳಿದಳು.

ಎರಡನ್ನೂ ಹತ್ತಿರದಿಂದ ನೋಡಿದೆ.

"ಗೊತ್ತಾಗ್ತಿಲ್ಲ ಅಜ್ಜಿ."

ಅಜ್ಜಿ ಚಿಕ್ಕಮ್ಮನ ಪಕ್ಕದಲ್ಲಿ ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ಕೂತಳು. ಎರಡೂ ಗೂಡುಗಳನ್ನು ಅವಳ ಬುಟ್ಟಿಗೆ ಹಾಕಿದಳು.

"ನಂಗೂ ಗೊತ್ತಾಗ್ತಿಲ್ಲ ಕಣಮ್ಮ," ಎಂದಳು ಅವಳಿಗೆ.